ಕಿಟಕಿಯಲ್ಲಿ ಒಣಗಿದ ಮೂಳೆ

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ ನಮ್ಮೂರ ಅಂಗಡಿಯ ಸಾಲು ಕದಲುವುದೇ ಇಲ್ಲ. ನನ್ನ ಮುಂದೆ ತಲೆ ನರೆತ ಅಣ್ಣ ತಂಗಿ. ಗಾಡಿಯಲ್ಲಿ ಹಬ್ಬದೂಟಕ್ಕೆ ದೊಡ್ಡದೊಂದು ಟರ್ಕಿ ಕೋಳಿ.

"ಹೋದ ವರ್ಷದ ಟರ್ಕಿಯ ಎದೆಯ ಕವೆಮೂಳೆ, ಆ ಎರಡು ಕವಲಿಂದು, ಇನ್ನೂ ಅಡುಗೆಮನೆ ಕಿಟಕಿಲೇ ಇದೆ ಕಣೋ ಡ್ವೈಟ್. ಅಮ್ಮ ಯಾರನ್ನೂ ಮುಟ್ಟೋಕೆ ಬಿಡಲ್ಲ."

"ಪ್ರತಿ ವರ್ಷ ಹಬ್ಬದ ಊಟಕ್ಕೆ ಮುಂಚೆ ಅಪ್ಪ ಅಮ್ಮ ತಾನೇ ಒಂದೊಂದು ತುದಿ ಹಿಡಿದು ಅದನ್ನ ಎಳೆದು ಮುರೀತಿದ್ದಿದ್ದು. ಈಗ ಅಪ್ಪ ಇಲ್ವಲ್ಲ ಲೋರ್ನಾ."

"ದೊಡ್ಡ ತುಂಡು ಸಿಕ್ಕೋರು ಬೇಡ್ಕೊಂಡಿದ್ದು ಆಗುತ್ತೆ ಅಂತ. ಪ್ರತಿ ಸಲ ಅಮ್ಮಂಗೇ ಸಿಗೋದು. ಪಾಪ, ಅಪ್ಪ ಒಂದ್ಸಲಾನೂ ಗೆಲ್ಲಲಿಲ್ಲ."

"ಗೆಲ್ಲೋದು ಹೇಗೆ? ಅಪ್ಪ ಬೆಳಿಗ್ಗೆನೇ ಅದನ್ನ ಶೆಡ್ಡಿಗೆ ಒಯ್ದು, ತಮ್ಮ ಕಡೆನೇ ಮುರೀಲಿ ಅಂತ ಆ ತುದೀನ ಅರದಲ್ಲಿ ಉಜ್ಜಿ ತೆಳ್ಳಗೆ ಮಾಡಿಡ್ತಿದ್ರು."

"ಬಿಡೋ, ಸುಳ್ಳು!"

"ಕಣ್ಣಾರೆ ನೋಡಿದೀನಿ. ಅಮ್ಮಂಗೆ ಹೇಳಿದ್ರೆ ಚರ್ಮ ಸುಲೀತೀನಿ ಅಂದಿದ್ರು."

ಲೋರ್ನಾ ಗಾಡಿ ತಳ್ಳುವುದನ್ನು ನಿಲ್ಲಿಸಿದಳು.

"ನಿನ್ನೆ ಅಮ್ಮ ಅಂದ್ಲು, 'ಈ ಸಲ ನನ್ನ ಜೊತೆ ಡ್ವೈಟ್ ಎಳೀಲಿ. ಒಳಗೆ ಬರೋವಾಗ ಅಪ್ಪನ ಶೆಡ್ಡಿಂದ ಅರ ತರೋಕೆ ಹೇಳು' ಅಂತ. ಅರ ಯಾಕೆ ಅಂತ ನಂಗೆ ಆಗ ತಿಳೀಲೇ ಇಲ್ಲ ಕಣೋ."

ಅಷ್ಟರಲ್ಲಿ ಅವರ ಸರದಿ ಬಂತು. ಇಬ್ಬರೂ ದುಡ್ಡು ಕೊಟ್ಟು ಬಾಗಿಲವರೆಗೆ ನಡೆದುಬಿಟ್ಟಿದ್ದರು. ಟರ್ಕಿ ಗಲ್ಲಾದ ಹತ್ತಿರವೇ ಉಳಿದಿದೆಯೆಂದು ನಾನೇ ಕೂಗಿ ಹೇಳಬೇಕಾಯಿತು.