ಅಂಗಡಿಯ ಕೈಗನ್ನಡಿ

ಡಾಕ್ಟರಿಗೆ ಹೊಟ್ಟೆನೋವೆಂದೇ ಹೇಳಿಬಿಡುವುದೆಂದು ನಿಶ್ಚಯಿಸಿ ಬಸ್ ಕಂಡಕ್ಟರಮ್ಮ ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದಳು. ಅಷ್ಟರಲ್ಲಿ ಟೈಲರಮ್ಮ ಒಳಗಿನಿಂದ ಬೀಗುತ್ತಾ ಬಂದಳು. ಅವಳಿಗಾಗಿ ಕಾಯುತ್ತಿದ್ದ ಅವಳ ಓರಗಿತ್ತಿ ಎದ್ದಳು.

"ಏನಂದ್ರು ಅಕ್ಕಾ?"

"ಕೆಳಗಡೆ ತುರಿಸ್ತಿದ್ದ ಮಚ್ಚೆ ಚಿಕಿತ್ಸೆಗೆ ಪೂರ್ತಿ ಹೋಗಿದೆ. ಎಚ್‌ಪಿವಿ ವೈರಸ್ಸಿಂದ ಆಗಿದ್ದಂತೆ. ಕ್ಯಾನ್ಸರ್‌ಗೆ ತಿರುಗೋ ಮೊದ್ಲೇ ಸಿಕ್ಕಿಬಿತ್ತು!"

"ನಾನು ಬೆವರುಸಾಲೆ ಅಂತ ಪೌಡರ್ ಕೊಟ್ಟಿದ್ನಲ್ಲಕ್ಕಾ!"

"ನಿನ್ನ ಪೌಡರ್ ನಂಬಿದ್ರೆ ಕೆಟ್ಟಿದ್ದೆ! ಅಂಗಡಿ ಕೈಗನ್ನಡಿ ಹಿಡ್ಕೊಂಡು ನಾನೇ ನೋಡ್ಕೊಂಡಿದ್ದಕ್ಕೆ ಬಚಾವಾದೆ."

"ಅಯ್ಯೋ! ಗಿರಾಕಿಗಳು ಬೆನ್ನಿನ ಫಿಟಿಂಗ್ ನೋಡ್ಕೊಳ್ಳೋ ಕನ್ನಡೀನಾ?"

"ಅದೇ ಕಣೇ. ನಡಿ, ನಿನಗೂ ಒಂದು ಕೊಡಿಸ್ತೀನಿ. ನನ್ನ ಮಗಳಿಗೆ ಆ ವೈರಸ್ಸಿನ ಲಸಿಕೇನೂ ಹಾಕಿಸ್ಬೇಕು."

ಇಬ್ಬರೂ ಬಿದ್ದುಬಿದ್ದು ನಗುತ್ತಾ ಮೆಟ್ಟಿಲಿಳಿದರು.

ನರ್ಸ್ ಬಾಗಿಲಿಗೆ ಬಂದಳು. "ನಿಮಗೇನಮ್ಮಾ ತೊಂದ್ರೆ?"

"ಕೆಳಗಡೆ ತುರಿಕೆ. ತಿಂಗಳುಗಟ್ಟಲೆ ಆಯ್ತು," ಎಂದಳು ಕಂಡಕ್ಟರಮ್ಮ, ಬಸ್ಸಿನ ಕೊನೇ ಸೀಟಿಗೂ ಕೇಳುವ ಗಂಟಲಲ್ಲಿ.