ಹೊಟ್ಟೆಯೊಳಗೆ ಸೇರಿಕೊಂಡವರ ಗುರುತು

ಒಂದಾನೊಂದು ಆಸ್ಪತ್ರೆಯಲ್ಲಿ ಒಬ್ಬಳು ಅಕ್ಕ ಇದ್ದಳು, ಅವಳಿಗೊಬ್ಬ ತಮ್ಮ. ತಮ್ಮನ ಅಪೆಂಡಿಕ್ಸ್ ಒಡೆದು, ಆಪರೇಷನ್ ಆಗಿ ಐದು ದಿನವಾದರೂ ಜ್ವರ ಇಳಿದಿರಲಿಲ್ಲ. ಲ್ಯಾಬಿನಾಕೆ ಬಾಗಿಲು ತೆರೆದದ್ದೇ ತಡ, ಹೊರಗೆ ಬೆಂಚಿನ ಮೇಲೆ, ರಿಪೋರ್ಟಿಗೆ ಕಾಯುತ್ತಿದ್ದ ನನ್ನ ಪಕ್ಕದಲ್ಲಿ ಕೂತಿದ್ದ ಅಕ್ಕ ಎದ್ದಳು.

“ಮೇಡಂ, ಹತ್ತು ಗಂಟೆಗೆ ಯಾವ ಕ್ರಿಮಿ ಅಂತ ಹೇಳ್ತೀನಿ ಅಂದಿದ್ರಿ.”

“ಹೇಳ್ತೀನಮ್ಮ. ಮೆಷಿನ್ ಇನ್ನೂ ಓದ್ತಾ ಇದೆ.”

“ಮೂರು ದಿನ ಅವನ ಕೀವನ್ನ ತಟ್ಟೇಲಿ ಹಾಕಿ ಬೆಳೆಸಿದ್ರಲ್ಲ?”

“ಒಂದೂ ಬೆಳೀಲಿಲ್ಲ. ಕೀವು ತೆಗೆಯೋಕೆ ಮೊದಲೇ ನಿಮ್ಮ ತಮ್ಮ ಏನೋ ಕ್ರಿಮಿ ಕೊಲ್ಲೋ ಮಾತ್ರೆ ನುಂಗಿದ್ರಂತೆ.”

“ನಾನೇ ಕೊಟ್ಟೆ. ನನ್ನ ಹಲ್ಲುನೋವಿಗೆ ತಂದಿದ್ದು, ನಾಲ್ಕು ಉಳಿದಿತ್ತು.”

“ಚೆನ್ನಾಗಿದೆ! ಅದಕ್ಕೇ ಅವು ಬೆಳೆಯೋ ಸ್ಥಿತೀಲಿಲ್ಲ. ಆದ್ರೆ ಈ ಕೀವಲ್ಲಿರೋವು ಸತ್ತಿದ್ರೂ ಅವುಗಳ ಜೀನ್ ಓದಿದ್ರೆ ಗುರುತು ಸಿಗತ್ತೆ.”

“ಹೆಣದ ಹತ್ರ ವಿಳಾಸ ಕೇಳಿದ ಹಾಗಾಯ್ತು.”

“ಹೇಳತ್ತೆ, ಇರಿ.”

ಒಳಗೆ ಹೋದವಳು ಕಾಗದ ಹಿಡಿದು ಬಂದಳು.

“ಎರಡಿವೆ. ಒಂದು ಗಾಳಿ ಸೋಕಿದ್ರೆ ಸಾಯೋ ಜಾತಿ. ಈಗಿನ ಔಷಧಿ ಇನ್ನೊಂದಕ್ಕೆ ನಾಟತ್ತೆ, ಅದಕ್ಕೆ ನಾಟಲ್ಲ.”

“ಅಯ್ಯೋ! ನಾಟೋದು ಇದೆಯಾ?”

“ಇದೆ. ಡಾಕ್ಟ್ರ ಕೈಗೇ ಕೊಡೋಣ ಬನ್ನಿ. ಓಡಬೇಡಿ, ಬಿದ್ದೀರಿ!”

“ನೀವು ಬೇಗ ನಡೀರಿ ಮೇಡಂ!”

ಕಾರಿಡಾರಿನ ಕೊನೆಯಲ್ಲಿದ್ದ ವಾರ್ಡಿನ ಗಾಜಿನ ಬಾಗಿಲಿನಾಚೆ ಡಾಕ್ಟರು ನಿಂತಲ್ಲೇ ಓದಿ ತಲೆಯಾಡಿಸಿದರು. ನರ್ಸ್ ತಮ್ಮನ ಹಳೆಯ ಔಷಧಿಯ ಬಾಟಲಿ ಬಿಚ್ಚಿ, ಹೊಸದನ್ನು ತೂಗುಹಾಕಿದಳು.