ಗೋಡೆ ಗಡಿಯಾರವಾದ ಸ್ಟೇರಿಂಗ್

ನಾನು ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ ನಡೆಸುವವಳು. ವಯಸ್ಸು ಐವತ್ತೆಂಟು. ವಾಸ ಅದೇ ಅಂಗಡಿಯ ಮೇಲಿನ ಮನೆ. ಬೀದಿಯವರೆಲ್ಲ ನನ್ನನ್ನು ಕನ್ನಡಕದಮ್ಮ ಎಂದು ಕರೆಯುತ್ತಾರೆ. ಕಾರು ಅಲಂಕಾರದ ಅಂಗಡಿಯ ಮಾಲೀಕರು, ನಾನು ಅವರ ಗೋಡೆ ಗಡಿಯಾರ ಕದ್ದೆನೆಂದು ದೂರು ಕೊಟ್ಟಿದ್ದಾರೆ. ಆ ಬಗ್ಗೆ ಈ ದಿನ ಠಾಣೆಯಲ್ಲಿ ನನ್ನನ್ನು ಕೇಳಲಾಗಿ, ನಾನು ಹೇಳಿ ಬರೆಸುವುದೇನೆಂದರೆ:

ನನ್ನ ಬಳಿ ಜರ್ಮನಿಯಲ್ಲಿ ತಯಾರಾದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಇದೆ. ಬಣ್ಣ ಕಡು ಹಸಿರು. ಕಾರಿಗೆ ಮೂವತ್ತು ವರ್ಷ ದಾಟಿದೆ. ಒಂಬತ್ತು ವರ್ಷದ ಹಿಂದೆ, ನಿವೃತ್ತರಾಗುತ್ತಿದ್ದ ಕಣ್ಣಿನ ಡಾಕ್ಟರರಿಂದ ಇದನ್ನು ಕೊಂಡೆ. ಕಾರಿನ ವಿಷಯ ಚಿಕ್ಕದಾಗಿ ಹೇಳಿ ಎಂದು ಇನ್ಸ್‌ಪೆಕ್ಟರ್ ಸಾಹೇಬರು ಹೇಳಿದ್ದಾರೆ. ಚಿಕ್ಕದಾಗಿಯೇ ಹೇಳುತ್ತಿದ್ದೇನೆ.

ಕೊಂಡ ವರ್ಷವೇ ರೇಡಿಯೇಟರಿನ ನೀರಿನ ಡಬ್ಬಿ ಸೀಳಿ ನಡುರಸ್ತೆಯಲ್ಲಿ ಹಬೆ ಎದ್ದಿತು. ರೇಡಿಯೇಟರು, ನೀರಿನ ಪಂಪು, ಪೈಪುಗಳನ್ನೆಲ್ಲ ಬದಲಾಯಿಸಿದೆ. ಆಮೇಲೆ ಕಿಟಕಿಯ ರಬ್ಬರು. ಆಮೇಲೆ ಸೀಟಿನ ಚರ್ಮ. ಕಾರು ಒಂದು ಬೆರಳಿನಷ್ಟು ತಗ್ಗಿ ನಿಲ್ಲಲಿ ಎಂದು ಸ್ಪ್ರಿಂಗುಗಳನ್ನು ಬದಲಾಯಿಸಿದೆ. ಎರಡು ಬೆರಳಲ್ಲ. ಮಸುಕಾಗಿದ್ದ ಮುಂದಿನ ದೀಪದ ಗಾಜುಗಳನ್ನು ಬಿಚ್ಚಿ, ಕನ್ನಡಕದ ಗಾಜಿಗೆ ಹೊಳಪು ಕೊಡುವ ಪುಡಿಯಿಂದಲೇ ನನ್ನ ಅಂಗಡಿಯ ಮೇಜಿನ ಮೇಲೆ ತಿಕ್ಕಿ ತಿಳಿಯಾಗಿಸಿದೆ. ಕಾರಿಗಿದ್ದ ದೊಡ್ಡ ಸ್ಟೇರಿಂಗನ್ನು ತೆಗೆದು, ಅದೇ ಕಂಪನಿಯ ಅದೇ ಕಾಲದ ಚಿಕ್ಕ ಸ್ಟೇರಿಂಗನ್ನು ಹಾಕಿಸಿದೆ. ಅದರ ಚರ್ಮ ಹರಿದಿತ್ತು. ಹೊಸ ಚರ್ಮ ತಂದು ಎರಡು ಸೂಜಿ ಹಿಡಿದು ನಾನೇ ಹೊಲಿದೆ.

ಇಷ್ಟೆಲ್ಲ ಮಾಡಿದರೂ ಕಾರು ನೋಡಲು ಮೊದಲಿನ ಹಾಗೇ ಇದೆಯಲ್ಲ ಎಂದು ಜನ ಕೇಳುತ್ತಿದ್ದರು. ನನಗೆ ಬೇಕಾಗಿದ್ದುದೂ ಅದೇ. ಕನ್ನಡಕ ಹಾಕಿಕೊಂಡವರನ್ನು ನೋಡಿದರೆ 'ನೀವು ಚೆನ್ನಾಗಿ ಕಾಣ್ತಿದೀರ' ಅನ್ನಬೇಕು. 'ಕನ್ನಡಕ ಚೆನ್ನಾಗಿದೆ' ಅಂದರೆ ಫ್ರೇಮು ಆರಿಸಿದವರು ಸೋತರು ಎಂದೇ ಅರ್ಥ. ಇದು ಹೇಳಿಕೆಗೆ ಬೇಕಿಲ್ಲ ಎಂದು, ಬರೆದುಕೊಳ್ಳುತ್ತಿರುವ ಠಾಣೆಯ ಬರಹಗಾರರು ಹೇಳಿದರು. ಬೇಕು ಎಂದು ನಾನು ಹೇಳಿದ್ದರಿಂದ ಬರೆದಿದ್ದಾರೆ.

ಹೋದ ತಿಂಗಳು ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ನನ್ನ ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದರು. ಆ ವಾರವೇ ಕಾರಿನ ಮುಂದಿನ ಎಡಗಾಲಿಯಲ್ಲಿ ತಟತಟ ಸದ್ದು ಶುರುವಾಗಿತ್ತು. ಒಂದು ರಬ್ಬರ್ ಬುಷ್ ಸವೆದಿತ್ತು, ಅಷ್ಟೇ. ನನ್ನ ಅಳಿಯಂದಿರು, ಅಂದರೆ ಒಬ್ಬಳೇ ಮಗಳ ಗಂಡ, ಜಿಮ್ ನಡೆಸುತ್ತಾರೆ. ನನ್ನನ್ನು ನೋಡಲು ಬಂದವರು, ಕಾರನ್ನು ತಾವೇ ರಿಪೇರಿಗೆ ಕೊಟ್ಟು ತರುವುದಾಗಿ ಹೇಳಿದರು. ನಾನು ಕೀಲಿ ಕೊಟ್ಟು, "ಬುಷ್ ಮಾತ್ರ ಹಾಕ್ಸಿ. ನಮ್ಮ ಮೆಕ್ಯಾನಿಕ್ ಹತ್ರಾನೇ ಹೋಗಿ. ಬೇರೆ ಏನೂ ಮುಟ್ಟಿಸ್ಬೇಡಿ" ಎಂದೆ. ಅವರು, "ಅತ್ತೆ, ನೀವು ಆರಾಮಾಗಿರಿ. ನಾನಿದೀನಲ್ಲ" ಎಂದರು.

ಅಂದಿನಿಂದ ನನಗೆ ಆರಾಮವಿಲ್ಲ.

ಕಾರು ಬರಲು ತಡವಾಯಿತು. ಫೋನ್ ಮಾಡಿದಾಗಲೆಲ್ಲ ಬಿಡಿಭಾಗ ಬಂದಿಲ್ಲ ಎನ್ನುತ್ತಿದ್ದರು. ಹೋದ ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದಾಗ ಬೀದಿಯಲ್ಲಿ ಕಲ್ಲು ಒಡೆಯುವ ಯಂತ್ರದಂಥ ಸದ್ದು ಕೇಳಿಸಿತು. ಕಪಾಟಿನ ಲೋಟಗಳು ಅಲುಗಾಡಿದವು. ಮಗಳು ಮೆಟ್ಟಿಲು ಹತ್ತಿ ಬಂದು ನನ್ನ ಕಣ್ಣು ಮುಚ್ಚಿ, "ಅಮ್ಮ, ನೋಡ್ಬೇಡ, ನೋಡ್ಬೇಡ" ಎನ್ನುತ್ತ ಕೆಳಗೆ ಕರೆದುಕೊಂಡು ಹೋದಳು. ಕೈ ತೆಗೆದಳು. ನೋಡದೇ ಇದ್ದಿದ್ದರೆ ಚೆನ್ನಾಗಿತ್ತು.

ಕಾರಿನ ಮೈಗೆಲ್ಲ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಹಿಂದೆ ಡಿಕ್ಕಿಯ ಮೇಲೆ ಒಂದು ರೆಕ್ಕೆ. ಅದರ ಮೇಲೆ ಬಟ್ಟೆ ಒಣಹಾಕಬಹುದಿತ್ತು. ದೀಪಗಳು ಹೊಸವು, ನೀಲಿ ಬೆಳಕಿನವು. ಸೈಲೆನ್ಸರ್ ಬದಲು ಎರಡು ದಪ್ಪ ಕೊಳವೆ. ಒಳಗೆ ಕೆಂಪು ಸ್ಟೇರಿಂಗ್. ಅದರ ಕೆಳಭಾಗ ಚಪ್ಪಟೆ. ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದರು. ಅಳಿಯಂದಿರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಅಳಿಯಂದಿರ ಎದುರು ಏನು ಹೇಳಲಿ? "ಬನ್ನಿ, ಕಾಫಿ ಕುಡಿಯೋರಂತೆ" ಎಂದು ಹೇಳಿ ಒಳಗೆ ಹೋದೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದದ್ದು ನನಗೆ ತಿಳಿಯಲಿಲ್ಲ.

ಕಾಫಿ ಕೊಟ್ಟ ಮೇಲೆ, ಬಿಚ್ಚಿದ ಹಳೇ ಸಾಮಾನು ಎಲ್ಲಿ ಎಂದು ಕೇಳಿದೆ. ಅದನ್ನೆಲ್ಲ ಅಲಂಕಾರದ ಅಂಗಡಿಯವರೇ ಇಟ್ಟುಕೊಂಡರು ಎಂದು ಅಳಿಯಂದಿರು ಹೇಳಿದರು. ನಂತರ ಮಗಳು ಕಾರಿನ ಜೊತೆ ನನ್ನ ಫೋಟೋ ತೆಗೆದಳು. ಅದರಲ್ಲಿ ನಾನು ನಗುತ್ತಿದ್ದೇನೆ. ಅವರಿಬ್ಬರೂ ಹೊರಟ ಮೇಲೆ ಕಾರಿನ ಮುಂಭಾಗವನ್ನು ಎಡಗೈಯಿಂದ ಒತ್ತಿ ಅಲುಗಾಡಿಸಿ ನೋಡಿದೆ. ಮುಂದಿನ ಎಡಗಾಲಿಯ ತಟತಟ ಸದ್ದು ಹಾಗೇ ಇತ್ತು. ಬುಷ್ ಹಾಕಿಸಿಯೇ ಇರಲಿಲ್ಲ.

ನಿನ್ನೆ ನನ್ನ ಪ್ಲಾಸ್ಟರ್ ತೆಗೆದರು. ಇವತ್ತು ಕಾರು ತೆಗೆದುಕೊಂಡು ಆ ಅಂಗಡಿಗೆ ಹೋದೆ. ಮಾಲೀಕರು ಮೇಜಿನ ಹಿಂದೆ ಕೂತಿದ್ದರು. ನನ್ನ ಹಳೇ ಸಾಮಾನು ವಾಪಸ್ ಬೇಕೆಂದೆ. "ಅದೆಲ್ಲ ಆವತ್ತೇ ಗುಜರಿಗೆ ಹೋಯ್ತಲ್ಲ" ಎಂದರು. ಆಗ ಅವರ ತಲೆಯ ಮೇಲಿನ ಗೋಡೆಯನ್ನು ನೋಡಿದೆ. ಅಲ್ಲಿ ನನ್ನ ಸ್ಟೇರಿಂಗ್ ಇತ್ತು. ನಡುವೆ ಕರಿ ತಟ್ಟೆ ಕೂರಿಸಿ, ಎರಡು ಮುಳ್ಳು ಹಾಕಿ, ಗಡಿಯಾರ ಮಾಡಿ ನೇತುಹಾಕಿದ್ದರು.

ಅದು ನನ್ನದು ಎಂದೆ. ಅವರು ನಕ್ಕು, "ಅಜ್ಜಿ, ಅದು ಗಡಿಯಾರ" ಎಂದರು. ಇನ್ನೊಮ್ಮೆ ಹೇಳಿದೆ. ಅವರು ಫೋನ್ ಎತ್ತಿಕೊಂಡು ಯಾರ ಜೊತೆಗೋ ಸೀಟ್ ಕವರಿನ ಬಣ್ಣದ ಬಗ್ಗೆ ಮಾತಾಡತೊಡಗಿದರು. ಗಿರಾಕಿಗಳು ಕೂರುವ ಸ್ಟೂಲನ್ನು ಗೋಡೆಗೆ ಎಳೆದೆ. ಹತ್ತಿದೆ. ಅದನ್ನು ಎರಡೂ ಕೈಯಲ್ಲಿ ಇಳಿಸಿಕೊಂಡು ಹೊರಗೆ ನಡೆದೆ. ಸಮಯ ಎಷ್ಟೆಂದು ಸಾಹೇಬರು ಕೇಳಿದ್ದಾರೆ. ಆ ಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತು, ನನ್ನ ಕೈಗಡಿಯಾರದಲ್ಲಿ ಹನ್ನೆರಡೂ ಹತ್ತು. ನನ್ನದು ಸರಿಯಿದೆ.

ನಾನು ಪರಾರಿಯಾದೆನೆಂದು ದೂರಿನಲ್ಲಿದೆ. ಅದು ಸುಳ್ಳು. ನೇರ ಈ ಠಾಣೆಗೇ ಬಂದೆ. ಪರಾರಿಯಾಗುವ ಮನಸ್ಸಿದ್ದರೂ ಆ ಸದ್ದಿನ ಕಾರಿನಲ್ಲಿ ಆಗುತ್ತಿರಲಿಲ್ಲ. ನಾನು ಯಾವ ಬೀದಿಯಲ್ಲಿ ತಿರುಗಿದೆನೆಂದು ಊರಿಗೆಲ್ಲ ಕೇಳಿಸುತ್ತಿತ್ತು. ನಾನು ದೂರು ಕೊಡಲು ಮೆಟ್ಟಿಲು ಹತ್ತುವಾಗಲೇ ನನ್ನ ಮೇಲಿನ ದೂರು ಫೋನಿನಲ್ಲಿ ಬಂದಾಗಿತ್ತು.

ಅದು ನಿಮ್ಮದೇ ಎಂಬುದಕ್ಕೆ ಗುರುತೇನು ಎಂದು ಸಾಹೇಬರು ಕೇಳಿದರು. ಚರ್ಮ ಹೊಲಿಯುವಾಗ ಕೊನೆಯಲ್ಲಿ ನನಗೆ ಕರಿ ದಾರ ಸಾಲದೇ ಬಂದಿತ್ತು. ಕೊನೆಯ ಏಳು ಹೊಲಿಗೆ ಕಡು ನೀಲಿ ದಾರದ್ದು. ಬೆಳಕಿಗೆ ಹಿಡಿದು ನೋಡಿ ಎಂದೆ. ಸಾಹೇಬರು ಕಿಟಕಿಯ ಹತ್ತಿರ ಹೋದರು, ಕಣ್ಣು ಕಿರಿದಾಗಿಸಿದರು, ದೂರ ಹಿಡಿದರು, ಹತ್ತಿರ ಹಿಡಿದರು. ಕಾಣುತ್ತಿಲ್ಲ ಎಂದರು. ಒಂದು ಸಲ ಅಂಗಡಿಗೆ ಬಂದು ಕಣ್ಣು ತೋರಿಸಿ ಎಂದೆ. ಕೊನೆಗೆ ಮಹಿಳಾ ಕಾನ್‌ಸ್ಟೇಬಲ್ ನೋಡಿ ಏಳು ಹೊಲಿಗೆ ಎಣಿಸಿದರು.

ಅಷ್ಟರಲ್ಲಿ ಅಂಗಡಿಯ ಮಾಲೀಕರು ಬಂದರು. ಅವರ ಹಿಂದೆಯೇ, ಸುದ್ದಿ ತಿಳಿದು, ಅಳಿಯಂದಿರು ಮತ್ತು ಮಗಳು ಬಂದರು. ಕಾರಿನವರೇ ಹಳೇ ಸಾಮಾನು ಬೇಡವೆಂದು ಬಿಟ್ಟುಹೋದರು, ತಾವು ಕದ್ದವರಲ್ಲ ಎಂದು ಮಾಲೀಕರು ಹೇಳಿದರು. ಕಾರಿನವರು ಯಾರು ಎಂದು ಸಾಹೇಬರು ಕೇಳಿದರು. ಮಾಲೀಕರು ನನ್ನ ಅಳಿಯಂದಿರ ಕಡೆ ಬೆರಳು ತೋರಿಸಿದರು.

ಅಳಿಯಂದಿರು ಒಳ್ಳೇ ಮೈಕಟ್ಟಿನವರು. ಇವತ್ತು ಕುಗ್ಗಿಹೋಗಿ ಚಿಕ್ಕವರಾಗಿ ಕಂಡರು. ಮಗಳು, "ಹೇಳ್ರೀ" ಎಂದಳು. ಆಗ ಅವರು, "ಗಾಡಿ ನಂದು ಅಂತ ನಾನೇ ಹೇಳಿದ್ದೆ ಸರ್. ಹಳೇದೆಲ್ಲ ಏನ್ ಬೇಕಾದ್ರೂ ಮಾಡ್ಕೊಳ್ಳಿ ಅಂದಿದ್ದೂ ನಾನೇ. ಅತ್ತೇದೇನೂ ತಪ್ಪಿಲ್ಲ" ಎಂದರು. ಏಕೆ ಹಾಗೆ ಮಾಡಿದಿರಿ ಎಂದು ಸಾಹೇಬರು ಕೇಳಿದಾಗ, ನನ್ನ ಕಡೆ ತಿರುಗಿ, "ನೀವು ಆ ಕಾರಿಗೆ ಅಷ್ಟು ಕಷ್ಟಪಡ್ತೀರಿ ಅತ್ತೆ. ರೋಡಲ್ಲಿ ಹೋದ್ರೆ ಒಬ್ರೂ ತಿರುಗಿ ನೋಡಲ್ಲ. ನನಗೆ ಹೊಟ್ಟೆ ಉರಿಯೋದು. ಎಲ್ರೂ ನೋಡ್ಲಿ ಅಂತ ಮಾಡಿಸ್ದೆ" ಎಂದರು.

ನಾಲ್ಕು ದಿನದಿಂದ ಅವರಿಗೆಂದು ಜೋಡಿಸಿಟ್ಟುಕೊಂಡಿದ್ದ ಮಾತುಗಳು ಬಹಳ ಇದ್ದವು. ಅವನ್ನು ಬಿಟ್ಟು, ಕುಡಿಯಲು ನೀರು ಕೇಳಿದೆ.

ಗುಜರಿಗೆ ಹೋಯಿತೆಂದ ಸಾಮಾನು ನಿಜವಾಗಿ ಹೋಗಿದೆಯೇ ಎಂದು ಸಾಹೇಬರು ಗಟ್ಟಿಯಾಗಿ ಕೇಳಿದ ಮೇಲೆ, ಅಂಗಡಿಯ ಹಿಂಬದಿಯಲ್ಲಿ ಬಿದ್ದಿದೆ ಎಂದು ಮಾಲೀಕರು ಒಪ್ಪಿಕೊಂಡರು. ಕಾನ್‌ಸ್ಟೇಬಲ್ ಹೋಗಿ ತಂದರು. ನನ್ನ ಸೈಲೆನ್ಸರ್ ಸಿಕ್ಕಿದೆ. ಮುಂದಿನ ದೀಪಗಳೂ ಒಂದು ಚೀಲದಲ್ಲಿ ಸಿಕ್ಕಿವೆ, ಆದರೆ ಎರಡರ ಗಾಜೂ ಒಡೆದುಹೋಗಿದೆ. ಆ ಗಾಜು ಈಗ ಎಲ್ಲೂ ತಯಾರಾಗುವುದಿಲ್ಲ. ಚೂರುಗಳನ್ನು ಮೇಜಿನ ಮೇಲೆ ಸುರಿದಾಗ ನಾನು ಒಂದನ್ನು ಕೈಗೆತ್ತಿಕೊಂಡು ನೋಡಿದೆ. ಗೀರು ಒಂದೂ ಇರಲಿಲ್ಲ.

ಕಾರು ತಮ್ಮದೆಂದು ಅಳಿಯಂದಿರೇ ಹೇಳಿದ್ದರಿಂದ ಮಾಲೀಕರನ್ನು ನಾನು ಕಳ್ಳರೆಂದು ಕರೆಯುವುದಿಲ್ಲ. ನನ್ನ ಎದುರು ಸುಳ್ಳು ಹೇಳಿದರು ಎಂಬುದನ್ನು ಮಾತ್ರ ಬರೆದುಕೊಳ್ಳಬೇಕು. ಅವರೂ ದೂರು ವಾಪಸ್ ಪಡೆಯುವುದಾಗಿ ಹೇಳಿದ್ದಾರೆ. ಅಳಿಯಂದಿರ ಮೇಲೆ ನನಗೆ ಯಾವ ದೂರೂ ಇಲ್ಲ. ರೆಕ್ಕೆ ಬಿಚ್ಚಲು, ಹಾಳೆ ಕೀಳಲು ತಾವೂ ಬರಬಹುದೇ ಎಂದು ಅವರು ಕೇಳಿದರು. "ಬನ್ನಿ. ಆದ್ರೆ ನಾನು ಮುಟ್ಟಿ ಅಂದಾಗ ಮುಟ್ಟಿ" ಎಂದೆ. ಮಗಳು ನಕ್ಕಳು. ನನಗೆ ಇನ್ನೂ ನಗು ಬಂದಿಲ್ಲ.

ನನ್ನ ಹೇಳಿಕೆಯಲ್ಲಿ 'ಗಡಿಯಾರವನ್ನು ತೆಗೆದುಕೊಂಡು ಹೋದೆ' ಎಂದು ಬರೆದಿದ್ದನ್ನು ಹೊಡೆದುಹಾಕಿಸಿದ್ದೇನೆ. ಗಡಿಯಾರದ ಕರಿ ತಟ್ಟೆ, ಯಂತ್ರ, ಎರಡು ಮುಳ್ಳು, ಬ್ಯಾಟರಿ ಮಾಲೀಕರವು. ಅವನ್ನು ಎಲ್ಲರ ಎದುರು ಬಿಚ್ಚಿ ಅವರ ಕೈಗೆ ಕೊಟ್ಟಿದ್ದೇನೆ. ಇಷ್ಟೂ ನಾನು ಕಂಡದ್ದು, ಮಾಡಿದ್ದು. ಬರಹಗಾರರು ಓದಿ ಹೇಳಿದರು, ನನ್ನ ಕನ್ನಡಕ ಹಾಕಿಕೊಂಡು ನಾನೂ ಓದಿದೆ, ಸರಿಯಾಗಿದೆ. ಸ್ಟೇರಿಂಗ್ ವಾಪಸ್ ಕೊಟ್ಟಾಗಿನಿಂದ ನನ್ನ ತೊಡೆಯ ಮೇಲಿತ್ತು. ರುಜು ಹಾಕುವಷ್ಟು ಹೊತ್ತು ಹಿಡಿದುಕೊಳ್ಳಲು ಅಳಿಯಂದಿರ ಕೈಗೆ ಕೊಟ್ಟಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ಬರಹಗಾರರ ಕೊಠಡಿ
ದಿನ: ಗುರುವಾರ, ಸಂಜೆ ನಾಲ್ಕೂವರೆ

(ರುಜು)
ಕನ್ನಡಕದ ಅಂಗಡಿಯವರು